ಬೀದರ್‌ನವರ ಕಣ್ಣಲ್ಲಿ ಸಮರ್‌ಕಂದ್: ಮೊದಲ ದಿನ

ಎಲ್ಲರಿಗೂ ಶರಣು ಶರಣಾರ್ಥಿ. ಬೀದರ್‌ನಿಂದ ಹೊರಟ ನಮ್ಮ ತಂಡ ದೆಹಲಿಯಿಂದ ತಾಷ್ಕೆಂಟ್‌ಗೆ ವಿಮಾನದಲ್ಲಿ ಬಂದು, ಅಲ್ಲಿಂದ ಅಫ್ರಾಸಿಯಾಬ್ ಎಂಬ ವೇಗದ ರೈಲು ಹಿಡಿದು ನಿನ್ನೆ ರಾತ್ರಿ ಉಜ್ಬೇಕಿಸ್ತಾನದ ಸಮರ್‌ಕಂದ್ ತಲುಪಿತು. ಊರು ನೋಡಲು ಹೊರಟ ಮೊದಲ ದಿನ ಇಂದು.

ಈಗ ನಿಮಗೆ ಕಾಣುತ್ತಿರುವುದು ರೆಗಿಸ್ತಾನ್ ಚೌಕ. ಇದರ ಮೂರು ಬದಿಗೆ ಮೂರು ಮದರಸಾಗಳಿವೆ. ಎಡಕ್ಕಿರುವುದು ಎಲ್ಲಕ್ಕಿಂತ ಹಳೆಯದು. ತೈಮೂರನ ಮೊಮ್ಮಗನೂ ಸ್ವತಃ ಖಗೋಳ ವಿದ್ವಾಂಸನೂ ಆಗಿದ್ದ ಉಲುಗ್ ಬೇಗ್ 1420ರ ಹೊತ್ತಿಗೆ ಕಟ್ಟಿಸಿ ಮುಗಿಸಿದ ಈ ಮದರಸಾದ ಹೆಬ್ಬಾಗಿಲ ತುಂಬ ನಕ್ಷತ್ರಗಳ ವಿನ್ಯಾಸವಿದೆ. ಬಲಕ್ಕಿರುವ ಶೇರ್‌ದಾರ್ ಮತ್ತು ನಡುವಿನ ತಿಲ್ಯಾ ಕೋರಿ 17ನೇ ಶತಮಾನದವು.

ಮುಂಭಾಗದ ಎರಡು ತುದಿಗೆ ಮಿನಾರುಗಳು, ನಡುವೆ ಎತ್ತರದ ಕಮಾನು, ಒಳಗೆ ಅಂಗಳ, ಅಂಗಳದ ಸುತ್ತ ವಿದ್ಯಾರ್ಥಿಗಳ ಕೋಣೆಗಳು. ಬೀದರ್‌ನ ಚೌಬಾರಾ ಗೋಪುರದಿಂದ ಕೋಟೆಯ ಕಡೆಗೆ ಓಡಾಡುತ್ತ ಬೆಳೆದ ನಮಗೆ ಈ ರಚನೆ ಹೊಸದಲ್ಲ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ವಜೀರನಾದ ಮಹಮೂದ್ ಗವಾನ್ 1472ರಲ್ಲಿ ನಮ್ಮೂರಿನಲ್ಲಿ ಕಟ್ಟಿಸಿದ ಮದರಸಾ ಇದೇ ಪರಂಪರೆಗೆ ಸೇರಿದೆ. 17ನೇ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ನಮ್ಮ ಮದರಸಾದ ಒಂದು ಮಿನಾರು ಮತ್ತು ಹೆಬ್ಬಾಗಿಲು ನೆಲಕ್ಕುರುಳಿದವು. ಉಳಿದ ಒಂಟಿ ಮಿನಾರನ್ನೇ ನೋಡುತ್ತ ಬಂದ ನಾವು, ಇಡೀ ಕಟ್ಟಡ ಹೇಗಿದ್ದಿರಬೇಕೆಂಬುದನ್ನು ಇಲ್ಲಿ ನಿಂತು ಮೊದಲ ಬಾರಿಗೆ ಸರಿಯಾಗಿ ಕಲ್ಪಿಸಿಕೊಂಡೆವು.

ತಂಡದ ಹಿರಿಯರೂ ಬಿದ್ರಿ ಕುಶಲಕರ್ಮಿಯೂ ಆದ ಚಾಚಾ ಅವರು ಉಲುಗ್ ಬೇಗ್ ಮದರಸಾದ ಒಂದು ಗೋಡೆಯ ಮುಂದೆ ಬಹಳ ಹೊತ್ತು ನಿಂತರು. ಕ್ಯಾಮೆರಾವನ್ನು ಹತ್ತಿರಕ್ಕೆ ತಂದಿದ್ದೇನೆ, ನೋಡಿ. ಬಳ್ಳಿಯ ಒಂದೊಂದು ಎಲೆಯೂ ಬೇರೆ ಬೇರೆ ತುಂಡು. ಒಂದೊಂದು ಬಣ್ಣದ ಮೆರುಗು ಒಂದೊಂದು ಹದದ ಶಾಖ ಬೇಡುವುದರಿಂದ ಟೈಲ್ಸ್‌ಗಳನ್ನು ಬಣ್ಣಕ್ಕೊಂದರಂತೆ ಪ್ರತ್ಯೇಕವಾಗಿ ಸುಟ್ಟು, ಬೇಕಾದ ಆಕಾರಕ್ಕೆ ಕತ್ತರಿಸಿ, ಗಾರೆಯಲ್ಲಿ ಕೂಡಿಸುತ್ತಿದ್ದರು. ಸತು ಮತ್ತು ತಾಮ್ರದ ಎರಕದ ಮೇಲೆ ಉಳಿಯಿಂದ ಕೊರೆದು, ಆ ಗೆರೆಯಲ್ಲಿ ಬೆಳ್ಳಿಯ ತಂತಿ ಕೂರಿಸುವ ಚಾಚಾ ಅವರು ಎರಡು ತುಂಡುಗಳ ನಡುವಿನ ಸಂದಿಯನ್ನೇ ಪರೀಕ್ಷಿಸುತ್ತಿದ್ದರು. "ಬೇಟಾ, ಕೂದಲು ಹೋಗುವಷ್ಟು ಜಾಗ ಬಿಟ್ಟಿಲ್ಲ ನೋಡು" ಎಂದರು.

ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಭೂಕಂಪಗಳಿಂದ ಜರ್ಜರಿತವಾಗಿದ್ದ ಈ ಚೌಕದ ಬಹುಭಾಗವನ್ನು ಕಳೆದ ಶತಮಾನದಲ್ಲಿ ಮತ್ತೆ ಕಟ್ಟಲಾಗಿದೆ. ತಿಲ್ಯಾ ಕೋರಿಯ ನೀಲಿ ಗುಮ್ಮಟವೂ ಆ ಕಾಲದ್ದೇ. ಬೀದರ್‌ನ ಮಿನಾರಿನ ಮೇಲೆ ಅಂಕುಡೊಂಕು ಪಟ್ಟೆಗಳಾಗಿ ಉಳಿದಿರುವ ಹಳೆಯ ಟೈಲ್ಸ್ ಎಷ್ಟು ಅಮೂಲ್ಯವೆಂಬುದು ಇದನ್ನು ತಿಳಿದ ಮೇಲೆ ನನಗೆ ಇನ್ನಷ್ಟು ಮನವರಿಕೆಯಾಯಿತು. ಅದನ್ನು ಉಗುರಿನಿಂದ ಕೆರೆಯುವ ಹುಡುಗರನ್ನು ದಯವಿಟ್ಟು ತಡೆಯಿರಿ.

ಮಧ್ಯಾಹ್ನ ಸಿಯಾಬ್ ಬಜಾರಿನಲ್ಲಿ ತಂದೂರಿನಿಂದ ಆಗತಾನೇ ತೆಗೆದ, ನಡುವೆ ಅಚ್ಚೊತ್ತಿದ ದಪ್ಪ ರೊಟ್ಟಿ ಕೊಂಡು, ಮನೆಯಿಂದ ತಂದಿದ್ದ ಶೇಂಗಾ ಹಿಂಡಿಯೊಂದಿಗೆ ತಿಂದೆವು. ಮಾಂಸ ತಿನ್ನುವವರು ಹಳದಿ ಗಜ್ಜರಿ ಹಾಕಿದ ಪುಲಾವ್ ಸವಿದರು.

ಬಜಾರಿನ ಪಕ್ಕದಲ್ಲೇ ಬೀಬಿ ಖಾನಂ ಮಸೀದಿಯಿದೆ. 1398ರಲ್ಲಿ ದೆಹಲಿಯನ್ನು ಕೊಳ್ಳೆಹೊಡೆದ ತೈಮೂರ್ ಮರುವರ್ಷವೇ ಇದನ್ನು ಆರಂಭಿಸಿದ. ತಾನು ಗೆದ್ದ ಊರುಗಳ ಕುಶಲಕರ್ಮಿಗಳನ್ನು ಅವನು ಇಲ್ಲಿಗೆ ಹಿಡಿದು ತರುತ್ತಿದ್ದನೆಂಬುದನ್ನು ಓದಿ ಹೇಳಿದಾಗ, ಚಾಚಾ ಅವರು ಆ ಕೆಲಸಗಾರರ ಮನೆಯವರು ಏನಾದರೆಂದು ಕೇಳಿದರು. ಅರಸನ ಹೆಸರಿನ ಜೊತೆಗೆ ಆ ಪ್ರಶ್ನೆಯನ್ನೂ ಇಂತಹ ಕಟ್ಟಡಗಳ ಮುಂದೆ ಕೇಳಬೇಕೆಂಬುದು ನನ್ನ ಅಭಿಪ್ರಾಯ.

ಸಂಜೆ ತೈಮೂರನ ಸಮಾಧಿಯಾದ ಗೂರ್ ಎ ಅಮೀರ್ ನೋಡಿದೆವು. ಅವನನ್ನು ತನ್ನ ಗುರುವಿನ ಪಾದದ ಬಳಿ ಹೂಳಲಾಗಿದೆ. ಮೇಲಿರುವ ಕಡುಹಸಿರು ಶಿಲೆ ಎರಡಾಗಿ ಒಡೆದಿರುವುದು ಕಾಣುತ್ತದೆ. ಉಲುಗ್ ಬೇಗನ ಸಮಾಧಿಯೂ ಇದೇ ಗುಮ್ಮಟದಡಿ ಇದೆ. ಅವನು ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಪಟ್ಟಿ ಸಿದ್ಧಪಡಿಸಿದ ವೀಕ್ಷಣಾಲಯಕ್ಕೆ ನಾಳೆ ಬೆಳಿಗ್ಗೆ ಹೋಗುತ್ತೇವೆ.