ಫೋನ್ ಹಿಡಿದು ಹಳೇ ಸೈಕಲ್ ನೋಡಲು ಹೋದೆ

ಈ ಚಕ್ರ ತಿರುಗುವುದನ್ನು ನೋಡಿ. ಬರಿಗಣ್ಣಿಗೆ ನೆಟ್ಟಗಿದೆ ಅನ್ನಿಸುತ್ತದೆ, ಅಲ್ವಾ? ಈಗ ಅದೇ ಚಕ್ರ, ಸ್ಲೋ ಮೋಷನ್‌ನಲ್ಲಿ. ಬ್ರೇಕಿನ ರಬ್ಬರಿಗೂ ರಿಮ್ಮಿಗೂ ನಡುವೆ ಇರುವ ಸಂದಿಯನ್ನೇ ನೋಡುತ್ತಿರಿ. ಅಗಲವಾಯಿತು. ಕಿರಿದಾಯಿತು. ಮತ್ತೆ ಅಗಲ. ಒಂದು ಕಡೆಯಂತೂ ರಿಮ್ಮು ರಬ್ಬರನ್ನು ಸವರಿಕೊಂಡೇ ಹೋಗುತ್ತಿದೆ. ಸೈಕಲ್ ಅಂಗಡಿಯವರು ಬೆಂಡ್ ಅನ್ನುವುದು ಇದನ್ನೇ.

ನಮಸ್ಕಾರ, ನಾನು ಮೈಸೂರಿನಿಂದ. ಹೋದ ತಿಂಗಳು ಒಂದು ಹಳೇ ಗೇರ್ ಸೈಕಲ್ ಕೊಂಡೆ. ಸೈಕಲ್ ರಿಪೇರಿ ನನಗೆ ಗೊತ್ತಿಲ್ಲ. ಆದರೂ ಈ ಸಲ ಧೈರ್ಯವಾಗಿ ನೋಡಿ, ಚೌಕಾಸಿ ಮಾಡಿ ತಂದೆ. ಆ ಧೈರ್ಯ ಕೊಟ್ಟಿದ್ದು ಕೈಯಲ್ಲಿದ್ದ ಫೋನು.

ಮೊದಲು ನನ್ನ ಹಳೇ ತಪ್ಪು ಹೇಳಿಬಿಡುತ್ತೇನೆ. 2017ರಲ್ಲಿ ನಮ್ಮೂರಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ ಶುರುವಾಯಿತು. ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟದವಳು ಮತ್ತೆ ಹತ್ತಿದೆ. ಬೆಳಗಿನ ತಂಪಿನಲ್ಲಿ ಸುತ್ತಾಡಿ ಬಂದರೆ ಇಡೀ ದಿನ ಮನಸ್ಸು ಹಗುರ. ನನ್ನದೇ ಒಂದು ಬೇಕು ಅನ್ನಿಸಿ, ಆನ್‌ಲೈನ್‌ನಲ್ಲಿ ಫೋಟೋ ನೋಡಿ ತರಿಸಿಕೊಂಡೆ. ಫ್ರೇಮ್ ಸೈಜು 54 ಸೆಂಟಿಮೀಟರ್. ನನ್ನ ಎತ್ತರಕ್ಕೆ ಅದು ತುಂಬಾ ದೊಡ್ಡದು. ಹ್ಯಾಂಡಲ್ ಹಿಡಿಯಲು ಚಾಚಿ ಚಾಚಿ ಭುಜ ನೋವು ಬಂತು. ಸಿಗ್ನಲ್‌ನಲ್ಲಿ ನಿಂತರೆ ಕಾಲು ಸರಿಯಾಗಿ ನೆಲಕ್ಕೆ ಸಿಗುತ್ತಿರಲಿಲ್ಲ. ಒಂದು ವರ್ಷದ ನಂತರ ಅರ್ಧ ಬೆಲೆಗೆ ಮಾರಿದೆ.

ಹಾಗಾಗಿ ಅಳತೆಯಿಂದಲೇ ಶುರು ಮಾಡಿ. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ದಪ್ಪ ಪುಸ್ತಕವೊಂದನ್ನು ಎರಡು ಕಾಲಿನ ನಡುವೆ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿಯಿರಿ. ನೆಲದಿಂದ ಪುಸ್ತಕದ ಮೇಲಂಚಿಗೆ ಎಷ್ಟು ಅಂತ ಟೇಪಿನಲ್ಲಿ ಅಳೆಯಿರಿ. ನನ್ನದು 72 ಸೆಂಟಿಮೀಟರ್. ಅದನ್ನು 0.66ರಿಂದ ಗುಣಿಸಿದರೆ ರೋಡ್ ಸೈಕಲ್ಲಿನ ಫ್ರೇಮ್ ಸೈಜು ಹೆಚ್ಚುಕಡಿಮೆ ಸಿಗುತ್ತದೆ. ನನಗೆ ಸುಮಾರು 47.5. 0.883ರಿಂದ ಗುಣಿಸಿದರೆ, ಎರಡೂ ಪೆಡಲಿನ ಕೋಲುಗಳು ಸೇರುವ ಆಕ್ಸಲ್ಲಿನ ನಡುವಿನಿಂದ ಸೀಟಿನ ಮೇಲ್ಭಾಗಕ್ಕೆ ಎಷ್ಟಿರಬೇಕು ಅನ್ನೋದು ಗೊತ್ತಾಗುತ್ತದೆ. ನನಗೆ 63.5ರ ಹತ್ತಿರ. ಈ ಎರಡು ಅಂಕಿಗಳನ್ನು ಫೋನಿನ ನೋಟ್ಸ್‌ನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಬಣ್ಣ, ಬ್ರ್ಯಾಂಡು ಎಲ್ಲ ಆಮೇಲೆ.

ಹುಡುಕುವಾಗ ಒಂದು ಜಾಹೀರಾತು ಸಿಕ್ಕಿತು. ಒಳ್ಳೇ ಸೈಕಲ್, ಕಮ್ಮಿ ರೇಟು. ‘ಬೇರೆಯವರೂ ಕೇಳುತ್ತಿದ್ದಾರೆ, 2,000 ಅಡ್ವಾನ್ಸ್ ಹಾಕಿ’ ಅಂತ ಮೆಸೇಜು. ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿದೆ. ಅದೇ ಫೋಟೋ, ಅದೇ ಗೋಡೆ, ಅದೇ ಚಪ್ಪಲಿ ಸ್ಟ್ಯಾಂಡು, ಬೇರೆ ಊರಿನ ಹಳೇ ಜಾಹೀರಾತಿನಲ್ಲಿ! ಅಲ್ಲಿಗೇ ಬಿಟ್ಟೆ. ದಯವಿಟ್ಟು ಸೈಕಲ್ ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ. ಮಾರುವವರಿಗೂ ಒಂದು ಮಾತು. ಯುಪಿಐನಲ್ಲಿ ದುಡ್ಡು ಬರಬೇಕಾದರೆ ನೀವು ಪಿನ್ ಒತ್ತುವ ಅಗತ್ಯವೇ ಇಲ್ಲ. ಪಿನ್ ಕೇಳಿದರು ಅಂದರೆ ನಿಮ್ಮ ದುಡ್ಡು ಹೋಗುತ್ತಿದೆ ಅಂತಲೇ ಅರ್ಥ.

ಕೊನೆಗೆ ಸಿಕ್ಕಿದ್ದು ಕುವೆಂಪುನಗರದಲ್ಲಿ. ಓದು ಮುಗಿಸಿ ಊರಿಗೆ ಹೊರಟಿದ್ದ ಹುಡುಗ. ‘ನಿಧಾನಕ್ಕೆ ನೋಡಿ ಅಕ್ಕ, ಅರ್ಜೆಂಟಿಲ್ಲ’ ಅಂದ. ಆ ಮಾತೇ ಅರ್ಧ ನಂಬಿಕೆ ತಂದಿತು.

ಸೈಕಲನ್ನು ತಲೆಕೆಳಗು ಮಾಡಿ ನಿಲ್ಲಿಸಿದೆವು. ಪೆಡಲ್ ಕೋಲುಗಳ ಆಕ್ಸಲ್ ಇರುವ ಪೈಪಿನ ತಳದಲ್ಲಿ ಸಾಮಾನ್ಯವಾಗಿ ಒಂದು ನಂಬರ್ ಕೊರೆದಿರುತ್ತಾರೆ. ಕೆಸರು ಒರೆಸಿ ಅದರ ಫೋಟೋ ತೆಗೆದೆ. ಬಿಲ್ಲಿನಲ್ಲಿದ್ದ ನಂಬರಿನ ಜೊತೆ ತಾಳೆಯಾಯಿತು. ಬಿಲ್ಲೂ ಇಲ್ಲ, ನಂಬರನ್ನು ಉಜ್ಜಿ ಅಳಿಸಿದ್ದಾರೆ ಅಂದರೆ ನಾನಂತೂ ಕೊಳ್ಳುವುದಿಲ್ಲ. ಯಾವುದೋ ಮನೆಯ ಮಗು ಅದೇ ಸೈಕಲ್ಲಿಗಾಗಿ ಅಳುತ್ತಿರಬಹುದು.

ಈಗ ನೋಡಿದ್ರಲ್ಲ ಆ ಸ್ಲೋ ಮೋಷನ್, ಅದನ್ನು ತೆಗೆದಿದ್ದು ಅಲ್ಲೇ. ತೆಗೆದು ನಮ್ಮ ಬೀದಿಯ ಸೈಕಲ್ ಶಾಪಿನ ಅಣ್ಣನಿಗೆ ವಾಟ್ಸಾಪ್ ಮಾಡಿದೆ. ಎರಡೇ ನಿಮಿಷಕ್ಕೆ ವಾಯ್ಸ್ ಮೆಸೇಜ್ ಬಂತು. ‘ಬೆಂಡ್ ತೆಗೀಬಹುದು ಮೇಡಂ, ಕಡ್ಡಿ ಲೂಸ್ ಇರ್ಬೇಕು ಅಷ್ಟೇ. ಮುಂದಿನ ಪೈಪ್ ನೋಡಿ. ಎಲ್ಲಾದ್ರೂ ಗುದ್ದಿದ್ರೆ ಅಲ್ಲಿ ಮಡಿಚಿರುತ್ತೆ.’

ಹ್ಯಾಂಡಲ್ ಕೂರುವ ಗಿಡ್ಡ ಪೈಪಿನ ಹಿಂದೆ, ಕೆಳಗಿನ ಪೈಪು ಬಂದು ಸೇರುವ ಜಾಗ ಅದು. ಟಾರ್ಚನ್ನು ನೇರವಾಗಿ ಹಿಡಿದರೆ ಬಣ್ಣದ ಹೊಳಪು ಮಾತ್ರ ಕಾಣುತ್ತದೆ. ಫೋನನ್ನು ಪೈಪಿಗೆ ಒರಗಿಸಿದ ಹಾಗೆ ಇಟ್ಟು, ಬೆಳಕನ್ನು ಓರೆಯಾಗಿ ಹಾಯಿಸಿ. ಸಣ್ಣ ಉಬ್ಬಿದ್ದರೂ ಅದರ ನೆರಳು ಬೀಳುತ್ತದೆ. ಬೆಸುಗೆಯ ಅಂಚಿನಲ್ಲಿ ಬಣ್ಣ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆಯಾ ಅಂತಲೂ ನೋಡಿ. ನಾಲ್ಕು ಫೋಟೋ ತೆಗೆದು, ದೊಡ್ಡದು ಮಾಡಿ ನೋಡಿದೆ. ಅಣ್ಣನಿಗೂ ಕಳಿಸಿದೆ. ‘ಕ್ಲೀನಾಗಿದೆ’ ಅಂದರು. ಫೋನಿನಿಂದ ಆದ ದೊಡ್ಡ ಉಪಕಾರ ಇದೇ. ಗೊತ್ತಿರುವವರನ್ನು ಜೊತೆಗೆ ಕರೆದುಕೊಂಡು ಹೋದ ಹಾಗಾಯಿತು.

ಚೈನಿಗೆ ಮಾತ್ರ ಫೋನಿನ ಅಳತೆ ಆ್ಯಪ್ ಸಾಲದು. ಸ್ಟೀಲ್ ಸ್ಕೇಲ್ ಇಡಿ. ಚೈನಿನಲ್ಲಿ ಒಂದು ಪಿನ್ನಿನಿಂದ ಮುಂದಿನ ಪಿನ್ನಿಗೆ ಅರ್ಧ ಇಂಚು. ಅಂದರೆ ಮೊದಲ ಪಿನ್ನನ್ನು ಸೊನ್ನೆಗೆ ಇಟ್ಟರೆ, ಅಲ್ಲಿಂದ 24 ಪಿನ್ ಎಣಿಸಿದಾಗ ಸರಿಯಾಗಿ 12 ಇಂಚು ಬರಬೇಕು. ಹದಿನಾರನೇ ಒಂದು ಇಂಚು ಜಾಸ್ತಿ ಬಂದರೆ ಚೈನ್ ಬದಲಿಸಬೇಕು. ಎಂಟನೇ ಒಂದು ಇಂಚು ಜಾಸ್ತಿ ಬಂದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ, ಖರ್ಚು ಏರುತ್ತದೆ. ಕೊನೆಯ ಪಿನ್ನಿನ ಹತ್ತಿರದ ಫೋಟೋ ತೆಗೆದು ಹಿಗ್ಗಿಸಿ ನೋಡಿದರೆ ಸ್ಪಷ್ಟವಾಗಿ ಗೊತ್ತಾಗುತ್ತದೆ. ಈ ಸೈಕಲ್ಲಿಗೆ ಚೈನ್ ಮಾತ್ರ ಬೇಕಿತ್ತು.

ಹಿಂದಿನ ಗೇರಿನ ಮೇಲೆ ಪುಟ್ಟ ಅಕ್ಷರದಲ್ಲಿ ಆರ್‌ಡಿ-ಎಂ310 ಅಂತ ಇತ್ತು. ಹುಡುಕಿದರೆ ಶಿಮಾನೋ ಆಲ್ಟಸ್. ದುಬಾರಿ ಗೇರಲ್ಲ, ಆದರೆ ದಿನನಿತ್ಯದ ಓಡಾಟಕ್ಕೆ ಚೆನ್ನಾಗಿದೆ.

ಹುಡುಗ 14,000 ಹೇಳಿದ. ಹಳೇ ಬಿಲ್ಲಿನ ಬೆಲೆ ಹಿಡಿದು ಲೆಕ್ಕ ಹಾಕಿದ್ದ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಹಾಗಾಗಿ ಹೊಸದರ ಈಗಿನ ಬೆಲೆ ಎಷ್ಟು ಅಂತ ಅಲ್ಲೇ ತೆಗೆದು ತೋರಿಸಿದೆ. ಚೈನಿನ ಖರ್ಚು, ಬೆಂಡ್ ತೆಗೆಸುವ ಖರ್ಚು ಕಳೆದು 11,500ಕ್ಕೆ ಒಪ್ಪಿದ. ಇಬ್ಬರಿಗೂ ಬೇಜಾರಿಲ್ಲ.

ಇನ್ನು ಓಡಿಸುವಾಗ. ಹ್ಯಾಂಡಲ್ ಮೇಲೆ ಫೋನ್ ಸಿಕ್ಕಿಸಿದರೆ ಕಣ್ಣು ಅಲ್ಲಿಗೇ ಹೋಗುತ್ತದೆ. ನಾನು ಬೆನ್ನಿನ ಜೇಬಿನಲ್ಲಿ ಇಟ್ಟು, ದಾರಿ ಹೇಳುವ ದನಿಯನ್ನು ಸ್ಪೀಕರ್‌ನಲ್ಲಿ ಕೇಳುತ್ತೇನೆ. ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ, ಹಿಂದಿನಿಂದ ಬರುವ ಬಸ್ಸು ಕೇಳಿಸಬೇಕು. ಮ್ಯಾಪನ್ನು ಕಣ್ಣುಮುಚ್ಚಿ ನಂಬುವುದೂ ಬೇಡ. ಶ್ರೀರಂಗಪಟ್ಟಣಕ್ಕೆ ಹೊರಟಾಗ ಕಾರಿನ ದಾರಿ ಹಾಕಿಕೊಂಡರೆ ಅದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಗೆ ಹತ್ತಿಸಬಹುದು. 2023ರ ಆಗಸ್ಟ್ 1ರಿಂದ ಅಲ್ಲಿನ ಮುಖ್ಯ ರಸ್ತೆಯಲ್ಲಿ ಸೈಕಲ್ಲಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯೇ ನಮ್ಮದು. ರಾತ್ರಿಯೇ ದಾರಿ ನೋಡಿಟ್ಟುಕೊಳ್ಳಿ.

ಸವಾರಿ ದಾಖಲಿಸುವ ಸ್ಟ್ರಾವಾದಂಥ ಆ್ಯಪ್ ಇದ್ದರೆ, ಮನೆಯ ಸುತ್ತಲಿನ ಜಾಗ ಬೇರೆಯವರಿಗೆ ಕಾಣದಂತೆ ಮರೆಮಾಡುವ ಸೆಟ್ಟಿಂಗ್ ಇದೆ. ಹೆಣ್ಣುಮಕ್ಕಳು ಇವತ್ತೇ ಹಾಕಿಕೊಳ್ಳಿ. ನೀವು ದಿನಾ ಎಷ್ಟು ಹೊತ್ತಿಗೆ, ಯಾವ ಗೇಟಿನಿಂದ ಹೊರಡುತ್ತೀರಿ ಅನ್ನೋದು ಅಪರಿಚಿತರಿಗೆ ಗೊತ್ತಾಗಬಾರದು. ಮನೆಯವರಿಗೆ ಮಾತ್ರ ಗೊತ್ತಿರಬೇಕು. ವಾಟ್ಸಾಪ್‌ನಲ್ಲಿ ಲೈವ್ ಲೊಕೇಶನ್ 8 ಗಂಟೆಯವರೆಗೆ ಹಂಚಿಕೊಳ್ಳಬಹುದು. ನಾನು ಅಮ್ಮನಿಗೆ ಕಳಿಸಿಯೇ ಗೇಟು ದಾಟುವುದು.

ಇದು ಹೋದ ಭಾನುವಾರದ ಚಾಮುಂಡಿ ಬೆಟ್ಟ. ಹೊಸ ಚೈನು, ಬೆಂಡ್ ತೆಗೆಸಿದ ಚಕ್ರ. ಎಲ್ಲೂ ಇಳಿಯದೆ ಹತ್ತಿದ್ದು ಇದೇ ಮೊದಲು. ಉತ್ತನಹಳ್ಳಿ ಕಡೆ ಇಳಿದು ಎಳನೀರಿಗೆ ನಿಂತಿದ್ದೆ, ಫೋನ್ ಬಂತು.

‘ಯಾಕೆ ಪುಟ್ಟಿ, ಚುಕ್ಕಿ ನಿಂತೇಬಿಟ್ಟಿದೆಯಲ್ಲ?’

‘ಎಳನೀರು ಕುಡೀತಿದ್ದೀನಿ ಅಮ್ಮ.’

‘ಗಂಜಿ ಇರೋದು ಕೇಳಿ ತಗೋ. ಹೊರಟ ಮೇಲೆ ನಾನು ನೋಡ್ತಿರ್ತೀನಿ.’