ಬೆಟ್ಟ ಎದ್ದಿದ್ದು ಯಾವಾಗ? ಮರಳನ್ನೇ ಕೇಳೋಣ

[ದೃಶ್ಯ: ಆನೆಗೊಂದಿ, ತುಂಗಭದ್ರೆಯ ದಂಡೆ, ಹಿಂದೆ ಬಂಡೆ ಗುಡ್ಡ]

ನಮಸ್ಕಾರ. ಊರಿಗೆ ಯಾರಾದರೂ ಬಂದರೆ ನಾವು ಕೊಪ್ಪಳದವರು ಹೆಮ್ಮೆಯಿಂದ ಹೇಳುತ್ತೇವೆ, ನಮ್ಮ ಗುಡ್ಡ ಹಿಮಾಲಯಕ್ಕಿಂತ ಹಳೇದು ಅಂತ. ಕಲ್ಲಿನ ಮಟ್ಟಿಗೆ ಮಾತು ಖರೆ. ಈ ಗ್ರಾನೈಟ್‌ಗೆ ಸುಮಾರು 250 ಕೋಟಿ ವರ್ಷ. ಭಾರತದ ನೆಲ ಏಷ್ಯಾಕ್ಕೆ ಡಿಕ್ಕಿ ಹೊಡೆದಿದ್ದು ಸುಮಾರು 5 ಕೋಟಿ ವರ್ಷದ ಹಿಂದೆ. ಆದರೆ ಕಲ್ಲು ಹುಟ್ಟಿದ ಕಾಲ ಬೇರೆ, ನೆಲದಾಳದಿಂದ ಅದು ಮೇಲೆ ಬಂದ ಕಾಲ ಬೇರೆ, ಅಲ್ವಾ? ಈ ಎರಡನೆಯದನ್ನು ಪತ್ತೆ ಮಾಡಲು ಮರಳು ಬೇಕು.

[ಕ್ಲೋಸಪ್: ತಟ್ಟೆಯಲ್ಲಿ ಒದ್ದೆ ಮರಳು]

ಒಂದು ಹಿಡಿ ಮರಳು ತಟ್ಟೆಗೆ ಹಾಕಿ, ನೀರಲ್ಲಿ ಆಡಿಸಿ. ಬಿಳಿ ಮರಳು ಜಾರಿ ಹೋಗುತ್ತದೆ. ತಳದಲ್ಲಿ ಕಪ್ಪು ಗೆರೆ ಉಳಿಯುತ್ತದೆ. ಮ್ಯಾಗ್ನೆಟ್ ಹಿಡಿದರೆ ಒಂದಿಷ್ಟು ಅಂಟಿಕೊಂಡು ಬರುತ್ತದೆ. ಉಳಿದದ್ದರಲ್ಲಿ ಇರುತ್ತವೆ ನಮಗೆ ಬೇಕಾದ ಸಣ್ಣ ಹರಳುಗಳು: ಜಿರ್ಕಾನ್ ಮತ್ತು ಅಪಟೈಟ್.

ಜಿರ್ಕಾನ್ ಹುಟ್ಟು ಹೇಳುತ್ತದೆ. ಹರಳು ಕಟ್ಟುವಾಗ ಅದು ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹತ್ತಿರಕ್ಕೂ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಈಗ ಒಳಗಿರುವ ಸೀಸವೆಲ್ಲ ಯುರೇನಿಯಂ ನಿಧಾನಕ್ಕೆ ಕ್ಷಯಿಸಿ ಆಗಿದ್ದು. ಯುರೇನಿಯಂ-238 ಅರ್ಧಕ್ಕೆ ಇಳಿಯಲು 447 ಕೋಟಿ ವರ್ಷ ಬೇಕು. ಎರಡನ್ನೂ ಅಳೆದರೆ ವಯಸ್ಸು ಸಿಗುತ್ತದೆ. ಲೇಸರ್‌ನಿಂದ ಕೂದಲೆಳೆಗಿಂತ ಸಣ್ಣ ತೂತು ಕೊರೆದು ಅಳೆಯುತ್ತಾರೆ. ಒಂದು ಸ್ಯಾಂಪಲ್‌ಗೆ ನೂರಕ್ಕೂ ಜಾಸ್ತಿ ಹರಳು. ಮರಳು ಯಾವ ಬೆಟ್ಟದ್ದು ಅಂತ ಗೊತ್ತಾಗುವುದು ಇದರಿಂದ.

[ಅನಿಮೇಷನ್: ಹರಳಿನೊಳಗೆ ಗೀರುಗಳು]

ನನಗೆ ಜಾಸ್ತಿ ಇಷ್ಟ ಅಪಟೈಟ್. ಅದರೊಳಗೆ ಆಗೊಮ್ಮೆ ಈಗೊಮ್ಮೆ ಒಂದು ಯುರೇನಿಯಂ ಪರಮಾಣು ಎರಡು ಹೋಳಾಗಿ ಸಿಡಿಯುತ್ತದೆ. ಹೋಳುಗಳು ಎದುರುಬದುರು ಹಾರಿ ಹರಳಿನಲ್ಲಿ ಒಂದು ಗೀರು ಬಿಡುತ್ತವೆ. ಆಸಿಡ್‌ನಲ್ಲಿ ಅದ್ದಿದರೆ ಗೀರು ಅಗಲವಾಗುತ್ತದೆ, ಮೈಕ್ರೋಸ್ಕೋಪ್‌ನಲ್ಲಿ ಕೂತು ಎಣಿಸಬಹುದು. ಕಲ್ಲು 110 ಡಿಗ್ರಿಗಿಂತ ಬಿಸಿ ಇದ್ದರೆ ಗೀರುಗಳು ತಾವೇ ಅಳಿಸಿಹೋಗುತ್ತವೆ. ಆ ಬಿಸಿ ಇರುವುದು ಸುಮಾರು 3–4 ಕಿಲೋಮೀಟರ್ ಆಳದಲ್ಲಿ. ಅಂದರೆ ಕಲ್ಲು ಆ ಆಳ ದಾಟಿ ಮೇಲೆ ಬಂದ ಮೇಲಷ್ಟೇ ಗೀರು ಉಳಿಯಲು ಶುರು.

ಈಗ ಲೆಕ್ಕ. ಹೊಳೆ ತಂದ ಮರಳು ಗಟ್ಟಿಯಾಗಿ ಆದ ಒಂದು ಮರಳುಕಲ್ಲಿನ ಪದರ 1 ಕೋಟಿ ವರ್ಷದ ಹಿಂದಿನದು ಅಂದುಕೊಳ್ಳಿ. ಅದರೊಳಗಿನ ಅಪಟೈಟ್‌ನ ಗೀರುಗಳು 1.1 ಕೋಟಿ ವರ್ಷ ತೋರಿಸುತ್ತವೆ, ಅಂದರೆ ಕಲ್ಲು ಆ ಆಳ ದಾಟಿದ್ದು ಆಗ. ನಡುವೆ 10 ಲಕ್ಷ ವರ್ಷ. ಅಷ್ಟರಲ್ಲಿ ಕಲ್ಲು 3–4 ಕಿಲೋಮೀಟರ್ ಮೇಲೆ ಬಂದು, ಸವೆದು, ಹೊಳೆ ಸೇರಿದೆ. ವರ್ಷಕ್ಕೆ 3–4 ಮಿಲಿಮೀಟರ್! ಬೆಟ್ಟಕ್ಕೆ ಇದು ಭಾರಿ ವೇಗ. ಹಿಮಾಲಯದ ಬುಡದ ಶಿವಾಲಿಕ್ ಪದರಗಳಲ್ಲಿ ಇದೇ ಲೆಕ್ಕ ಹಾಕುತ್ತಾರೆ.

ಪದರಗಳು ತಲೆಕೆಳಗು ಅನ್ನೋದು ನೆನಪಿರಲಿ. ಗಂಗಾವತಿ ಗೋದಾಮಿನಲ್ಲಿ ಒಂದು ಒಟ್ಟಿಲಿನ ಅಕ್ಕಿ ಚೀಲ ಇಳಿಸಿ ಇನ್ನೊಂದು ಒಟ್ಟಿದರೆ, ಮೇಲಿದ್ದದ್ದು ಅಡಿಗೆ ಹೋಗುತ್ತದಲ್ಲ, ಹಾಗೆ ಬೆಟ್ಟದ ನೆತ್ತಿ ಪದರಗಳ ಬುಡದಲ್ಲಿ ಇರುತ್ತದೆ. ಇವತ್ತು ಆ ನೆತ್ತಿ ಬೆಟ್ಟದ ಮೇಲೆ ಹುಡುಕಿದರೂ ಸಿಗದು.

ಒಂದು ಮಾತು: ಬೆಟ್ಟ ಎಷ್ಟು ಎತ್ತರ ಇತ್ತು ಅಂತ ಇದು ಹೇಳುವುದಿಲ್ಲ. ಮೇಲಿನ ಮಣ್ಣು-ಕಲ್ಲು ಸವೆದು ಅಡಿಯ ಕಲ್ಲು ಎಷ್ಟು ಬೇಗ ಹೊರಬಂತು ಅಂತಷ್ಟೇ. ಸುಮ್ನೆ "ಎತ್ತರ ಅಳೆದರು" ಅಂತ ಬರೆಯುವವರನ್ನು ನಂಬಬೇಡಿ.

[ನಕ್ಷೆ: ಮುನಿರಾಬಾದ್ ಬಳಿಯ ಅಣೆಕಟ್ಟು]

ನಮ್ಮ ಹೊಳೆಯಲ್ಲಿ ಯಾರಾದರೂ ಮಾಡುವುದಾದರೆ ಸ್ಯಾಂಪಲ್ ಎಲ್ಲಿಂದ? ತುಂಗಭದ್ರಾ ಡ್ಯಾಮ್‌ನಲ್ಲಿ ಮೊದಲು 133 ಟಿಎಂಸಿ ನೀರು ಹಿಡಿಯುತ್ತಿತ್ತು, ಈಗ ಸುಮಾರು 105. ಉಳಿದ ಜಾಗ ಹೂಳಿನದ್ದು. ಮೇಲಿನಿಂದ ಬರುವ ಮರಳು ಬಹುಪಾಲು ಅಲ್ಲೇ ನಿಲ್ಲುತ್ತದೆ. ಮಲೆನಾಡಿನ ಬೆಟ್ಟಗಳ ಕಥೆ ಬೇಕಿದ್ದರೆ ಡ್ಯಾಮ್‌ನ ಹಿನ್ನೀರಿಗಿಂತ ಮೇಲಕ್ಕೆ ಹೋಗಿ ಮರಳು ತುಂಬಿಕೊಳ್ಳಬೇಕು. ಡ್ಯಾಮ್‌ನ ಕೆಳಗಿರುವ ಆನೆಗೊಂದಿಯಲ್ಲಿ ತೆಗೆದರೆ ಹೊಸ ಮರಳಿನಲ್ಲಿ ಜಾಸ್ತಿ ಸಿಗುವುದು ಇಲ್ಲಿನ ಗುಡ್ಡಗಳದ್ದೇ.