1 ಮಿಲಿಮೀಟರ್ ಎಂದರೆ 35: ಟಿ-34-85 ಟ್ಯಾಂಕಿನ ಮಾದರಿ ಕಟ್ಟುವ ಬಗೆ

ಎಲ್ಲರಿಗೂ ನಮಸ್ಕಾರ. ಮೇಜಿನ ಮೇಲಿರುವುದು ಎರಡನೇ ಮಹಾಯುದ್ಧದ ಸೋವಿಯತ್ ಟ್ಯಾಂಕು ಟಿ-34-85, 1:35 ಅಳತೆಯಲ್ಲಿ. ನಿಜವಾದ ಟ್ಯಾಂಕು 3 ಮೀಟರ್ ಅಗಲ, ಇಲ್ಲಿ ಸುಮಾರು 86 ಮಿಲಿಮೀಟರ್. ನಿಜವಾದದ್ದರ ತೂಕ 32 ಟನ್, ಇದರದ್ದು ಒಂದು ಹಿಡಿ ಪ್ಲಾಸ್ಟಿಕ್ಕಿನಷ್ಟೇ. ಆದರೂ ನೋಡುವವರ ಕಣ್ಣಿಗೆ ಇದು ಉಕ್ಕಿನಷ್ಟು ಭಾರವಾಗಿ ಕಾಣಬೇಕು. ಹೆಚ್ಚಿನವರು ಆ ಭಾರವನ್ನು ಬಣ್ಣದಲ್ಲಿ, ತುಕ್ಕಿನಲ್ಲಿ ಹುಡುಕುತ್ತಾರೆ. ನಿಜಕ್ಕೂ ಅದು ತೀರ್ಮಾನವಾಗುವುದು ಬಣ್ಣದ ಡಬ್ಬಿ ತೆರೆಯುವ ಮೊದಲೇ: ತಗಡಿನ ಅಂಚಿನಲ್ಲಿ, ಲೋಹದ ಮೈಯಲ್ಲಿ, ಚಕ್ರಗಳ ಸುತ್ತ ಓಡುವ ಕೊಂಡಿಪಟ್ಟಿ, ಅಂದರೆ ಟ್ರ್ಯಾಕ್, ಜೋತುಬೀಳುವ ರೀತಿಯಲ್ಲಿ. ಹಾಗಾಗಿ ನನ್ನ ಸಮಯದ ಬಹುಪಾಲು ಅಲ್ಲೇ ಹೋಗುತ್ತದೆ.

ಅಂಟು ಹಚ್ಚುವ ಮೊದಲು ಯಾವ ಕಾರ್ಖಾನೆಯ, ಯಾವ ಕಾಲದ ಟ್ಯಾಂಕು ಎಂದು ಗಟ್ಟಿ ಮಾಡಿಕೊಳ್ಳಿ. ಯುದ್ಧಕಾಲದಲ್ಲಿ ಟಿ-34-85 ತಯಾರಾದದ್ದು ಮೂರು ಕಡೆ: ನಿಜ್ನಿ ತಗೀಲ್‌ನ 183ನೇ ಕಾರ್ಖಾನೆ, ಗೋರ್ಕಿಯ 112ನೇದು, ಓಮ್ಸ್ಕ್‌ನ 174ನೇದು. 1944ರ ಆರಂಭದಲ್ಲಿ 112ರಿಂದ ಹೊರಬಂದ ಮೊದಲ ಟ್ಯಾಂಕುಗಳಲ್ಲಿ ಡಿ-5ಟಿ ತೋಪಿತ್ತು, ರೇಡಿಯೋ ಒಡಲಿನೊಳಗಿತ್ತು, ಆಂಟೆನಾ ಒಡಲಿನ ಬಲಗಡೆ ನಿಂತಿತ್ತು. ಆಮೇಲೆ ಜಿಸ್-ಎಸ್-53 ತೋಪು ಬಂತು, ರೇಡಿಯೋ ಟರೆಟ್ಟಿಗೆ (ತೋಪು ಕೂತ, ಮೇಲಿನ ತಿರುಗುವ ಗೋಪುರಕ್ಕೆ) ಹೋಯಿತು, ಅದರ ಜೊತೆ ಆಂಟೆನಾ ಕೂಡ. ಕಮಾಂಡರನ ಗುಮ್ಮಟದ ಮುಚ್ಚಳ ಮೊದಲು ಎರಡು ಹೋಳು, ಬಳಿಕ ಒಂದೇ. ಪೆಟ್ಟಿಗೆಯಲ್ಲಿ ಎರಡೂ ಬಗೆಯ ಭಾಗಗಳು ಬರುವುದುಂಟು. ಚೆನ್ನಾಗಿ ಕಂಡದ್ದನ್ನು ಆರಿಸಿ ಅಂಟಿಸಿದರೆ ಯಾವ ಕಾರ್ಖಾನೆಯೂ ಮಾಡದ ಟ್ಯಾಂಕು ತಯಾರಾಗುತ್ತದೆ. ವಸ್ತುಸಂಗ್ರಹಾಲಯದ ಫೋಟೋಗಳನ್ನೂ ಕಣ್ಣುಮುಚ್ಚಿ ನಂಬಬೇಡಿ. ಅಲ್ಲಿರುವ ಎಷ್ಟೋ ಟ್ಯಾಂಕುಗಳು ಯುದ್ಧದ ನಂತರ ದುರಸ್ತಿಯಾದವು. ಯುದ್ಧದ ನಂತರ ಬಂದ ಟಿ-55 ಟ್ಯಾಂಕಿನ ಬಗೆಯ ನಕ್ಷತ್ರಾಕಾರದ ಚಕ್ರ ಕಂಡರೆ ಅದು 1945ರ ಬರ್ಲಿನ್ ಕದನಕ್ಕೆ ಹೊಂದುವುದಿಲ್ಲ.

ಈಗ ಅಂಚಿನ ವಿಷಯ. ಈ ಅಳತೆಯಲ್ಲಿ 1 ಮಿಲಿಮೀಟರ್ ಎಂದರೆ ನಿಜದಲ್ಲಿ 35 ಮಿಲಿಮೀಟರ್. ಒಡಲಿನ ಕವಚ 45 ಮಿಲಿಮೀಟರ್, ಮಾದರಿಯಲ್ಲಿ 1.3 ಆಗುತ್ತದೆ, ಅಚ್ಚಿನಲ್ಲಿ ಸಲೀಸಾಗಿ ಬರುತ್ತದೆ. ತೊಂದರೆಯಿರುವುದು ಮಡ್‌ಗಾರ್ಡಿನಲ್ಲಿ. ನಿಜದಲ್ಲಿ ಅದು ಕೈಯಲ್ಲಿ ಬಗ್ಗಿಸಬಹುದಾದ ತೆಳು ತಗಡು. ಅಚ್ಚಿನ ಪ್ಲಾಸ್ಟಿಕ್ ಮಾತ್ರ 0.8 ಮಿಲಿಮೀಟರಿಗಿಂತ ತೆಳ್ಳಗೆ ಬರುವುದು ಕಷ್ಟ. 35ರಿಂದ ಗುಣಿಸಿ ನೋಡಿ, 28 ಮಿಲಿಮೀಟರ್ ದಪ್ಪದ ಮಡ್‌ಗಾರ್ಡು! ಇಡೀ ತಗಡನ್ನು ಸವೆಸಲು ಹೋಗಬೇಡಿ, ಮುರಿಯುತ್ತದೆ. ಹೊಸ ಬ್ಲೇಡನ್ನು ನೆಟ್ಟಗೆ ಹಿಡಿದು ಒಳಬದಿಯಿಂದ ಅಂಚಿನ ಕಡೆಗೆ ಇಳಿಜಾರಾಗಿ ಕೆರೆಯಿರಿ. ಹೊರಗೆ ಕಾಣುವ ಅಂಚು ಮಾತ್ರ 0.2ಕ್ಕೆ ಬಂದರೆ ಸಾಕು, ಹಿಂದಿನ ದಪ್ಪ ಯಾರಿಗೂ ಕಾಣದು. ಕೆರೆದ ಮೇಲೆ 600 ಗ್ರಿಟ್ ಸ್ಯಾಂಡ್ ಪೇಪರಿನಿಂದ ಎರಡೇ ಎರಡು ಸಲ ಎಳೆಯಿರಿ. ಒಂದು ಮೂಲೆಯನ್ನು ಇಕ್ಕಳದಲ್ಲಿ ಸ್ವಲ್ಪ ಬಗ್ಗಿಸಿ. ಟ್ಯಾಂಕು ಎಲ್ಲೋ ಒರೆಸಿಕೊಂಡು ಬಂದಂತೆ ಕಾಣುತ್ತದೆ.

ಟರೆಟ್ ಬೇರೆಯದೇ ಕಥೆ. ಒಡಲು ಉರುಳೆಯಲ್ಲಿ ಒತ್ತಿದ ಹಲಗೆಗಳಿಂದ ಬೆಸೆದದ್ದು, ಹಾಗಾಗಿ ಅದರ ಮೈ ನಯ. ಟರೆಟ್ಟಿನ ಸುತ್ತುಗೋಡೆ ಮರಳಿನ ಅಚ್ಚಿನಲ್ಲಿ ಎರಕ ಹೊಯ್ದದ್ದು, ಹಾಗಾಗಿ ಒರಟು. ತೋಪಿನ ನಳಿಗೆ ಲೇತಿನಲ್ಲಿ ತಿರುಗಿಸಿದ್ದು, ಮತ್ತೆ ನಯ. ಈ ಮೂರು ಮೈಗಳ ವ್ಯತ್ಯಾಸ ಕಣ್ಣಿಗೆ ಬಿದ್ದರೆ ಪ್ಲಾಸ್ಟಿಕ್ ಲೋಹವಾಗುತ್ತದೆ. ಎರಕದ ಒರಟು ತರಲು ಮಿಸ್ಟರ್ ಸರ್ಫೇಸರ್ 500 ಎಂಬ ದಪ್ಪ ಪ್ರೈಮರ್ ಸಾಕು. ಒಂದು ಚಿಕ್ಕ ಜಾಗಕ್ಕೆ ಹಚ್ಚಿ, ಅರ್ಧ ಒಣಗುವಷ್ಟರಲ್ಲಿ ಕೂದಲು ಕತ್ತರಿಸಿದ ಗಿಡ್ಡ ಬ್ರಷ್ಷಿನಿಂದ ಕುಟ್ಟಿ, ಎಳೆಯಬೇಡಿ. ಎಳೆದರೆ ಗೆರೆ ಮೂಡುತ್ತದೆ, ಎರಕಕ್ಕೆ ಗೆರೆಯಿಲ್ಲ. ಒಂದು ರಾತ್ರಿ ಬಿಟ್ಟು, ಚೂಪಾಗಿ ಎದ್ದ ತುದಿಗಳನ್ನಷ್ಟೇ 400 ಗ್ರಿಟ್‌ನಲ್ಲಿ ಸವರಿ.

ಇಲ್ಲೊಂದು ಮೋಸವಿದೆ. ಟರೆಟ್ಟಿನ ಸುತ್ತ ಅಡ್ಡಲಾಗಿ ಒಂದು ಗೆರೆ ಓಡುತ್ತದೆ. ಅದು ಎರಕದ ಅಚ್ಚಿನ ಎರಡು ಭಾಗ ಸೇರಿದ ಗುರುತು. ನಿಜವಾದ ಟ್ಯಾಂಕಿನಲ್ಲೂ ಢಾಳಾಗಿ ಕಾಣುತ್ತದೆ. ಕಿಟ್ಟಿನ ಪ್ಲಾಸ್ಟಿಕ್ ಅಚ್ಚಿನ ಗೆರೆಯೆಂದು ತಿಳಿದು ಅದನ್ನು ಉಜ್ಜಿ ಹಾಕುವವರು ಬಹಳ. ನಳಿಗೆಯ ಉದ್ದಕ್ಕೂ, ಚಕ್ರದ ಟೈರಿನ ಮೇಲೆ ಇರುವ ಗೆರೆ ಪ್ಲಾಸ್ಟಿಕ್ಕಿನದು, ಅದು ಹೋಗಲೇಬೇಕು. ಟರೆಟ್ಟಿನದು ಉಳಿಯಬೇಕು. ಕಿಟ್ಟಿನಲ್ಲಿ ಅದು ಮಂಕಾಗಿದ್ದರೆ ಸ್ಪ್ರೂವನ್ನು (ಕಿಟ್ಟಿನ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಕಡ್ಡಿಯನ್ನು) ಮೇಣದಬತ್ತಿಯ ಮೇಲೆ ಕಾಯಿಸಿ ಎಳೆದ ಎಳೆಯೊಂದನ್ನು ಅಂಟಿಸಿ, ತೆಳು ಸಿಮೆಂಟ್ (ಪ್ಲಾಸ್ಟಿಕ್ ಕರಗಿಸಿ ಬೆಸೆಯುವ ಅಂಟು) ಹಚ್ಚಿ ಮೆತ್ತಗೆ ಮಾಡಿ, ಬ್ಲೇಡಿನ ತುದಿಯಿಂದ ಅಲ್ಲಲ್ಲಿ ಒತ್ತಿ. ಬೆಸುಗೆಯ ಗೆರೆಗೂ ಇದೇ ಉಪಾಯ. ಟರೆಟ್ಟಿನ ಕೈಹಿಡಿಗಳು ಕಿಟ್ಟಿನಲ್ಲಿ ದಪ್ಪಗಿದ್ದರೆ ತೆಗೆದು 0.5 ಮಿಲಿಮೀಟರ್ ಹಿತ್ತಾಳೆ ತಂತಿ ಹಾಕಿ. ಟ್ಯಾಂಕಿನ ಮೇಲೆ ಕೂತು ಸಾಗುತ್ತಿದ್ದ ಕಾಲಾಳುಗಳು ಹಿಡಿದುಕೊಳ್ಳುತ್ತಿದ್ದದ್ದು ಅವನ್ನೇ.

ಚಕ್ರಕ್ಕೆ ಬರೋಣ. ಪ್ರತಿ ಬದಿಗೆ ಐದು ದೊಡ್ಡ ಚಕ್ರ, ಎರಡನೆಯದಕ್ಕೂ ಮೂರನೆಯದಕ್ಕೂ ನಡುವೆ ತುಸು ಹೆಚ್ಚು ಅಂತರ. ಚಕ್ರಗಳನ್ನು ಹಿಡಿದಿಡುವ ತೋಳುಗಳನ್ನು ಒಂದೊಂದಾಗಿ ಅಂಟಿಸಿ ಒಣಗಲು ಬಿಟ್ಟರೆ ಕೊನೆಗೆ ಒಂದು ಚಕ್ರ ನೆಲ ಮುಟ್ಟುವುದಿಲ್ಲ, ಅಲ್ಲಿಗೆ 32 ಟನ್ನಿನ ಮಾತು ಮುಗಿಯಿತು. ಹತ್ತೂ ತೋಳುಗಳನ್ನು ಒಂದೇ ಸಲ ಅಂಟಿಸಿ, ಚಕ್ರಗಳನ್ನು ಸುಮ್ಮನೆ ಸಿಕ್ಕಿಸಿ, ಒಡಲನ್ನು ಗಾಜಿನ ಹಲಗೆಯ ಮೇಲೆ ಇಟ್ಟು ಮೇಲೊಂದು ಪುಸ್ತಕ ಹೇರಿ.

ಟ್ರ್ಯಾಕಿಗೆ ಬದಿಗೆ 72 ಕೊಂಡಿ: ಒಂದು ಒಳಮೈಯಲ್ಲಿ ಕೊಂಬು ಎದ್ದದ್ದು, ಒಂದು ಚಪ್ಪಟೆ, ಹೀಗೆ ಸರತಿಯಲ್ಲಿ. ಹಿಂದಿನ ಚಾಲಕ ಚಕ್ರಕ್ಕೆ ಹೊರಗೆ ಹಲ್ಲುಗಳಿಲ್ಲ. ಎರಡು ತಟ್ಟೆಗಳ ನಡುವೆ 6 ರೋಲರುಗಳಿವೆ, ಕೊಂಬುಗಳನ್ನು ತಳ್ಳುವುದು ಅವೇ. ಕೊಂಬು ರೋಲರಿನ ಮೇಲೆ ಕೂತರೆ ತಪ್ಪು, ಎರಡು ರೋಲರುಗಳ ಸಂದಿಗೆ ಬೀಳಬೇಕು. ಬಿಡಿ ಕೊಂಡಿಗಳಾದರೆ ನೇರ ಪಟ್ಟಿಯ ಆಸರೆಯಲ್ಲಿ ಸಾಲಾಗಿ ಜೋಡಿಸಿ, ಸಾಮಾನ್ಯ ಸಿಮೆಂಟ್ ಹಚ್ಚಿ, ಅರ್ಧ ಗಂಟೆ ಕಾದು, ಇನ್ನೂ ಬಾಗುವಂತಿರುವಾಗಲೇ ಚಕ್ರದ ಸುತ್ತ ಸುತ್ತಿ. ತೆಳು ಸಿಮೆಂಟ್ ಬೇಡ, ಬೇಗ ಒಣಗಿ ಸುತ್ತುವಾಗ ತುಂಡಾಗುತ್ತದೆ. ಟರೆಟ್ಟಿಗೆ ಮಾಡಿದಂತೆ ಇಲ್ಲೂ ಒಂದು ರಾತ್ರಿ ಬಿಡಿ. ಬಣ್ಣಕ್ಕೆಂದು ಚಕ್ರದ ಸಮೇತ ಒಂದೇ ತುಂಡಾಗಿ ಕಳಚಬಹುದು.

ಜೋಲು ಎಲ್ಲಿ ಬರಬೇಕು? ಈ ಟ್ಯಾಂಕಿಗೆ ಮೇಲ್ಗಡೆ ಆಧಾರದ ಚಿಕ್ಕ ರೋಲರುಗಳಿಲ್ಲ, ಟ್ರ್ಯಾಕು ಚಕ್ರಗಳ ಮೇಲೆಯೇ ಒರಗುತ್ತದೆ. ಎಳೆಯುವ ಚಕ್ರ ಹಿಂದಿರುವುದರಿಂದ ಮುಂದೆ ಸಾಗುವಾಗ ಕೆಳಗಿನ ಪಟ್ಟಿ ಬಿಗಿ, ಮೇಲಿನದು ಸಡಿಲ. ಆದ್ದರಿಂದ ಮೇಲೆ ಚಕ್ರ-ಚಕ್ರಗಳ ನಡುವೆ ತಗ್ಗಬೇಕು, ಕೊನೆಯ ಚಕ್ರದಿಂದ ಚಾಲಕ ಚಕ್ರಕ್ಕೆ ಹೋಗುವ ಕೆಳಗಿನ ತುಂಡು ನೆಟ್ಟಗಿರಬೇಕು. ಒಣಗುವ ತನಕ ಮಡ್‌ಗಾರ್ಡಿಗೂ ಟ್ರ್ಯಾಕಿಗೂ ನಡುವೆ ಸ್ಪಂಜಿನ ತುಂಡು ತುರುಕಿ ಒತ್ತಿ ಹಿಡಿಯಿರಿ. ನಮ್ಮ ಸೇನೆ 1971ರಲ್ಲಿ ಬಳಸಿದ ಟಿ-55ರದ್ದೂ ಇದೇ ಏರ್ಪಾಡು; ಅದರ ಮಾದರಿ ಕಟ್ಟುವವರು ಚಕ್ರದ ಹೆಚ್ಚಿನ ಅಂತರ ಮೊದಲ ಎರಡರ ನಡುವೆ ಎಂಬುದನ್ನು ಮಾತ್ರ ನೆನಪಿಡಿ. ಹಳೆಯ ಕಿಟ್ಟುಗಳ ವಿನೈಲ್ ಪಟ್ಟಿ ತಾನಾಗಿ ಬೀಳುವುದಿಲ್ಲ, ಸೂಪರ್ ಗ್ಲೂ ಹಾಕಿ ಚಕ್ರದ ತಲೆಗೆ ಕಚ್ಚಿಸಬೇಕು.

ಬಣ್ಣ ಬೇಗ ಮುಗಿಸುತ್ತೇನೆ. ಕಾರ್ಖಾನೆಯ ಬಣ್ಣ 4ಬಿಒ ಎಂಬ ಹಸಿರು. ಅಕ್ರಿಲಿಕ್ಕಿಗೆ ಸಮಪಾಲು ಥಿನ್ನರ್ ಸೇರಿಸಿ ಹಾಲಿನಷ್ಟು ತೆಳುವಾಗಿಸಿ, ಏರ್‌ಬ್ರಷ್ಷಿಗೆ (ಗಾಳಿಯಿಂದ ಬಣ್ಣ ಸಿಂಪಡಿಸುವ ಪೆನ್ನಿಗೆ) 0.3 ಮಿಲಿಮೀಟರ್ ನಾಝಲ್, 15ರಿಂದ 20 ಪಿಎಸ್‌ಐ ಗಾಳಿಯ ಒತ್ತಡ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲ್ಯಾಕರ್ ವಾರ್ನಿಷ್ ಹೊಡೆಯುವ ಆತುರ ಮಾಡಬೇಡಿ. ಗಾಳಿಯ ತೇವ ಪದರದೊಳಗೆ ಸಿಕ್ಕಿ ಬಿಳಿ ಬೂದಿ ಕಟ್ಟುತ್ತದೆ. ಕಲಬುರಗಿಯ ಬೇಸಿಗೆಯಲ್ಲಿ ತೊಂದರೆ ಉಲ್ಟಾ: ಬಣ್ಣ ಸೂಜಿಯ ತುದಿಯಲ್ಲೇ ಒಣಗುತ್ತದೆ, ಒಣಗುವುದನ್ನು ನಿಧಾನಿಸುವ ರಿಟಾರ್ಡರ್ ಒಂದೆರಡು ಹನಿ ಬೇಕು. ಎರಡೂ ಕಡೆ ಮಾಸ್ಕು, ತೆರೆದ ಕಿಟಕಿ ಕಡ್ಡಾಯ.

ಬರ್ಲಿನ್ ಟ್ಯಾಂಕಾದರೆ ಟರೆಟ್ಟಿನ ಸುತ್ತ ಬಿಳಿ ಪಟ್ಟಿ, ಚಾವಣಿಯ ಮೇಲೆ ಬಿಳಿ ಶಿಲುಬೆ. ವಿಮಾನದವರು ತಮ್ಮ ಟ್ಯಾಂಕನ್ನು ಗುರುತಿಸಲೆಂದು ಬ್ರಷ್ಷಿನಲ್ಲಿ ಬಳಿದದ್ದು. ಮಾಸ್ಕಿಂಗ್ ಟೇಪ್ ಹಚ್ಚಿ ನೇರ ಅಂಚು ತೆಗೆದರೆ ಸುಳ್ಳಾಗುತ್ತದೆ, ಕೈಯಲ್ಲೇ ಬಳಿಯಿರಿ.

ಎಣ್ಣೆಬಣ್ಣದ ವಾಶ್ (ಸಂದಿಗಳಲ್ಲಿ ನೆರಳು ತರುವ ತೀರ ತೆಳು ಬಣ್ಣ) ಹಾಕುವಾಗ ಒಂದು ಎಚ್ಚರ. ಇನಾಮಲ್ ಥಿನ್ನರ್ ಬಣ್ಣ ಕಾಣದ ಬರಿ ಪ್ಲಾಸ್ಟಿಕ್ಕಿಗೆ ಇಳಿದರೆ, ಬಿಗಿಯಾಗಿ ಸಿಕ್ಕಿಸಿದ ಅಚ್ಚುಗೂಟದ ಹತ್ತಿರ ಬಿರುಕು ಬಿಡುತ್ತದೆ. ಚಕ್ರದ ತೋಳು ಮುರಿದು ಬೀಳುವುದು ಹೀಗೆಯೇ. ಒಡಲಿನ ಒಳಮೈಗೂ ಪ್ರೈಮರ್ ಹೊಡೆಯಿರಿ, ವಾಶನ್ನು ಸಂದಿಗಳಿಗೆ ಮಾತ್ರ ಸಣ್ಣ ಬ್ರಷ್ಷಿನಲ್ಲಿ ಮುಟ್ಟಿಸಿ. ತುಕ್ಕು ಟ್ರ್ಯಾಕಿಗೂ ಹೊಗೆಕೊಳವೆಗೂ ಮಾತ್ರ ಇರಲಿ. ಓಡುತ್ತಿರುವ ಟ್ಯಾಂಕಿನ ಕೊಂಬು ಮತ್ತು ನೆಲ ಮುಟ್ಟುವ ಏಣುಗಳು ಸವೆದು ಹೊಳೆಯುತ್ತವೆ, ಅಲ್ಲಿಗೆ ಪೆನ್ಸಿಲ್ ಗ್ರಾಫೈಟ್ ಉಜ್ಜಿ. ರಬ್ಬರ್ ಟೈರಿನ ಚಕ್ರದಂಚು ಹೊಳೆಯುವುದಿಲ್ಲ.

ಧೂಳಿಗೆ ನಮ್ಮ ಅಂಗಳದ ಕೆಮ್ಮಣ್ಣು ಜರಡಿ ಹಿಡಿದು ಬಳಸುವ ಆಸೆಯಾಗುತ್ತದೆ. ಉಕ್ರೇನಿನ ಹುಲ್ಲುಗಾವಲು ಕಪ್ಪು ಮಣ್ಣಿನದು. ಅಲ್ಲಿಗೆ ಬಾಗಲಕೋಟೆಯ ಎರೆಮಣ್ಣೇ ಹೆಚ್ಚು ಹತ್ತಿರ. ಬರ್ಲಿನ್ನಿನ ಬೀದಿಗಾದರೆ ಇಟ್ಟಿಗೆ, ಗಾರೆಯ ಬೂದು ಪುಡಿ. ಒಣಪುಡಿ ಉದುರಿಸಿ, ಥಿನ್ನರ್ ಹನಿಸಿ ಕಚ್ಚಿಸಿ. ಮೇಲೆ ವಾರ್ನಿಷ್ ಹೊಡೆದರೆ ಧೂಳಿನ ಬಣ್ಣವೇ ಮಂಕಾಗುತ್ತದೆ.

ಆಂಟೆನಾ ಎಲ್ಲಕ್ಕಿಂತ ಕೊನೆಗೆ. ಬುಡದಲ್ಲಿ 0.4 ಮಿಲಿಮೀಟರ್ ರಂಧ್ರ ಕೊರೆದು, ಎಳೆದ ಸ್ಪ್ರೂ ಅಥವಾ ಗಿಟಾರಿನ ಸಣ್ಣ ತಂತಿಯನ್ನು ಅಂಟಿಲ್ಲದೆ ಸಿಕ್ಕಿಸಿ. ಪ್ರದರ್ಶನಕ್ಕೆ ಬಸ್ಸಿನಲ್ಲಿ ಒಯ್ಯುವಾಗ ಕಿತ್ತು ಬೇರೆ ಡಬ್ಬಿಗೆ ಹಾಕಿಕೊಳ್ಳಿ, ಮೊದಲು ಮುರಿಯುವುದು ಅದೇ.